ಮೂರು ನೀರು ಕಂಡ ಮೇಫ್ಲೈ ಮರಿಗಳು

ಮಕ್ಕಳನ್ನು ಶಾಲೆಗೆ ಸೇರಿಸುವಾಗ ಫೀಸು ಒಬ್ಬರದೇ ತೆಗೆದುಕೊಳ್ಳುತ್ತಾರೆ, ಓದುವವರು ಮಾತ್ರ ಇಬ್ಬರು. ಈ ರಹಸ್ಯ ಶಾಲೆಯವರಿಗೂ ಗೊತ್ತು, ಅಪ್ಪಂದಿರಿಗೂ ಗೊತ್ತು. ಗೊತ್ತಿಲ್ಲದಿರುವುದು ಹೊಸದಾಗಿ ತಾಯಿಯಾದವಳಿಗೆ ಮಾತ್ರ. ನನ್ನ ಮಗಳು ಅನಘಾ ಕೆ.ಜಿ.ಯಲ್ಲಿದ್ದಾಗ ನಾನು ಎರಡನೆಯ ಸಲ ಕೆ.ಜಿ. ಪಾಸಾದೆ. ಅವಳು ನಾಲ್ಕನೆಯ ಇಯತ್ತೆಗೆ ಬಂದಾಗ ದೀಪಾವಳಿಗೆ ಇಲ್ಲಿಯ ಮಕ್ಕಳೆಲ್ಲ ಕಟ್ಟುವಂಥ ಮಣ್ಣಿನ ಕೋಟೆಯನ್ನು ಬಾಲ್ಕನಿಯಲ್ಲಿ ಕಟ್ಟಿ, ಬುರುಜಿನ ಮೇಲೆ ಸಾಸಿವೆ ಚೆಲ್ಲಿ ಹುಲ್ಲು ಬೆಳೆಸಿದವಳು ನಾನು. ಹತ್ತನೆಯ ಇಯತ್ತೆಯಲ್ಲಿ ಬದನೆಕಾಯಿ ಹುರಿಯುತ್ತ ಮೂಲವಸ್ತುಗಳ ಪಟ್ಟಿ ಬಾಯಿಪಾಠ ಮಾಡಿಸಿದ್ದರ ಫಲವಾಗಿ ಇಂದಿಗೂ ಒಗ್ಗರಣೆ ಚಟಪಟ ಎನ್ನುವಾಗ ನನ್ನ ಬಾಯಿಗೆ ದೇವರ ನಾಮದ ಬದಲು ಲಿಥಿಯಂ, ಬೆರಿಲಿಯಂ ಬರುತ್ತದೆ. ಅವಳು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಸೇರಿದ ದಿನ ನಾನು ಮನಸ್ಸಿನಲ್ಲೇ ಒಂದು ತೆಂಗಿನಕಾಯಿ ಒಡೆದೆ. ಇನ್ನು ನನ್ನ ಓದು ಮುಗಿಯಿತು, ಎಂ.ಎಸ್ಸಿ.ಯ ಪಾಠಕ್ಕೆ ಯಾರು ಅಮ್ಮನನ್ನು ಕರೆಯುತ್ತಾರೆ ಎಂದುಕೊಂಡೆ. ಕರೆದರು.

ಕರೆದದ್ದು ಮೇಫ್ಲೈ ಎಂಬ ಹುಳುವಿನ ಸಲುವಾಗಿ. ಹೆಸರನ್ನು ಮೊದಲ ಸಲ ಕೇಳಿದಾಗ ಇದು ನಮ್ಮೂರಿನ ಹುಳುವಲ್ಲ ಎಂದು ತಕ್ಷಣ ಹೇಳಿದ್ದೆ. ನಾಗಪುರದಲ್ಲಿ ಮೇ ತಿಂಗಳಲ್ಲಿ ಏನೂ ಹಾರುವುದಿಲ್ಲ. ಕಾಗೆ ಕೂಡ ನೆರಳಿನಿಂದ ನೆರಳಿಗೆ ನಡೆದುಕೊಂಡೇ ಹೋಗುತ್ತದೆ. ಅನಘಾ ನಕ್ಕು, ಹಾರುವ ಹುಳು ತನಗೆ ಬೇಡ, ನೀರಿನಲ್ಲಿರುವ ಅದರ ಮರಿಗಳು ಬೇಕು ಎಂದಳು. ಈ ಮರಿಗಳು ಹರಿಯುವ ನೀರಿನಲ್ಲಿ, ಕಲ್ಲುಗಳ ಕೆಳಗೆ, ತಿಂಗಳುಗಟ್ಟಲೆ ಇರುತ್ತವಂತೆ. ರೆಕ್ಕೆ ಬಂದ ಮೇಲೆ ಮಾತ್ರ ಒಂದೆರಡು ದಿನದ ಬಾಳು. ಆ ಒಂದೆರಡು ದಿನವೂ ಊಟವಿಲ್ಲ, ಏಕೆಂದರೆ ಕೆಲಸಕ್ಕೆ ಬರುವ ಬಾಯಿಯೇ ಅದಕ್ಕಿಲ್ಲ. ಇದನ್ನು ಕೇಳಿ ನನಗೆ ನಿಜವಾಗಿ ಕೆಟ್ಟದೆನಿಸಿತು. ಬದುಕುವುದೇ ಅಷ್ಟು, ಅದರಲ್ಲೂ ಒಂದು ತುತ್ತು ಇಲ್ಲ ಅಂದರೆ! ನಮ್ಮವರು ಚಪಾತಿ ಹರಿಯುತ್ತ, "ಅದರ ಹೆಂಡ್ತಿ ಎಷ್ಟ ಸುಖೀ ಇರಬೇಕು ನೋಡು, ಮುಂಜಾನೆ ಎದ್ದು ಇವತ್ತೇನ್ ಪಲ್ಯಾ ಮಾಡ್ಲಿ ಅಂತ ಕೇಳೋ ಜರೂರತ್ತೇ ಇಲ್ಲ" ಅಂದರು. ನಮ್ಮವರು ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರು. ಎಷ್ಟು ಕಲ್ಲಿದ್ದಲು ಉರಿದರೆ ಎಷ್ಟು ಕರೆಂಟು ಎಂಬುದು ಅವರಿಗೆ ಗೊತ್ತು. ಯಾವ ಮಾತು ಯಾವಾಗ ಆಡಬೇಕೆಂಬುದು ಇನ್ನೂ ಗೊತ್ತಾಗಿಲ್ಲ.

ಅನಘಾಳ ಪ್ರಬಂಧದ ವಿಷಯ ಸರಳವಾಗಿತ್ತು. ರಾಮಟೇಕದ ಆಚೆ, ಗುಡ್ಡದ ಕಡೆಯಿಂದ ಇಳಿದು ಬರುವ ಒಂದು ಹಳ್ಳವಿದೆ. ಹಳ್ಳದ ಮೇಲ್ಭಾಗದಲ್ಲಿ ಜನರ ಓಡಾಟವಿಲ್ಲ. ಕೆಳಭಾಗದಲ್ಲಿ ಬಟ್ಟೆ ಒಗೆಯುತ್ತಾರೆ, ಟ್ರ್ಯಾಕ್ಟರು ತೊಳೆಯುತ್ತಾರೆ. ಮೇಲೆ ಎಷ್ಟು ಬಗೆಯ ಮೇಫ್ಲೈ ಮರಿಗಳಿವೆ, ಕೆಳಗೆ ಎಷ್ಟು ಬಗೆ ಉಳಿದಿವೆ ಎಂದು ಗುರುತಿಸಿ ಹೇಳಬೇಕು. ಈ ಮರಿಗಳು ನೀರಿನ ವಿಷಯದಲ್ಲಿ ಬಹಳ ಮಡಿಯಂತೆ. ನೀರು ಸ್ವಲ್ಪ ಕೆಟ್ಟರೂ ಮೊದಲು ಮನೆ ಖಾಲಿ ಮಾಡುವವು ಅವೇ. ಈ ಮಾತು ಕೇಳಿದ ಮೇಲೆ ಅವುಗಳ ಬಗ್ಗೆ ನನಗೆ ಒಂದು ಬಗೆಯ ಬಂಧುತ್ವ ಹುಟ್ಟಿತು. ನನ್ನ ಅಜ್ಜಿ ಧಾರವಾಡದಲ್ಲಿ ಒಗೆದ ಸೀರೆಯನ್ನು ಕೋಲಿನಿಂದ ಎತ್ತಿ ಒಣಹಾಕುತ್ತಿದ್ದವಳು. ನಾನು ಓದಿದ್ದು ಕಾಮಠಿಯ ಕಾನ್ವೆಂಟಿನಲ್ಲಿ. ಅಲ್ಲಿ ಸಿಸ್ಟರ್ ಬೆನೆಡಿಕ್ಟಾ ಪ್ರಾರ್ಥನೆಗೆ ಮುಂಚೆ ನಮ್ಮ ಉಗುರು ನೋಡುತ್ತಿದ್ದರು, ಪ್ರಾರ್ಥನೆಯ ನಂತರ ಕಿವಿಯ ಹಿಂಭಾಗ ನೋಡುತ್ತಿದ್ದರು, ದೇವರ ಜೊತೆ ಮಾತಾಡುವಾಗ ಕೊಳೆ ಏನಾದರೂ ಕೂತುಬಿಟ್ಟಿತೇ ಎಂಬಂತೆ. ಹೀಗೆ ಎರಡು ಧರ್ಮಗಳ ಸ್ವಚ್ಛತೆ ನನ್ನೊಬ್ಬಳ ಮೇಲೆ ಬಿದ್ದಿದೆ. ನಾನು ಬೆಲ್ಲದ ಡಬ್ಬಿಯ ಹೊರಮೈಯನ್ನೂ ತೊಳೆಯುತ್ತೇನೆ, ಸೋಪನ್ನೂ ತೊಳೆದು ಇಡುತ್ತೇನೆ.

ಪಾಠ ಊಟದ ಮೇಜಿನ ಮೇಲೆಯೇ ಶುರುವಾಯಿತು. ಅನಘಾ ಒಂದು ಬಿಳಿ ಬಟ್ಟಲಿನಲ್ಲಿ (ಸೀತಾಬರ್ಡಿ ಪೇಟೆಯಲ್ಲಿ ತಂದ, ಬಂದವರಿಗೆ ಮಾತ್ರ ಖೀರು ಕೊಡುವ ಬಟ್ಟಲು ಅದು) ನೀರು ಹಾಕಿ, ಅದರಲ್ಲಿ ಜೀರಿಗೆಯಷ್ಟು ದೊಡ್ಡ ಜೀವವೊಂದನ್ನು ಬಿಟ್ಟು, ಭೂತಗನ್ನಡಿ ನನ್ನ ಕೈಗೆ ಕೊಟ್ಟಳು.

"ನೋಡಮ್ಮಾ, ಬಾಲ ಎಷ್ಟವ?"

"ಮೂರು."

"ಬರೋಬರ್. ಮೂರಿದ್ರ ಮೇಫ್ಲೈ ಇರಬಹುದು. ಎರಡಿದ್ರ ಸ್ಟೋನ್‌ಫ್ಲೈ ಅಂತ ಬ್ಯಾರೆ ಹುಳ ಇರ್ತದ, ಅದೂ ಇರಬಹುದು. ಆದ್ರ ಒಂದೊಂದ ಜಾತಿ ಮೇಫ್ಲೈಗೂ ಎರಡ ಬಾಲ ಇರ್ತಾವ."

"ಹಂಗಾರ ಬಾಲ ಎಣಿಸಿ ಏನ್ ಬಂತು?"

"ಅದಕ್ಕ ಬಾಲ ಒಂದ ನೋಡಿದ್ರ ನಡ್ಯಂಗಿಲ್ಲ. ಹೊಟ್ಟಿ ಬಾಜೂಕ ನೋಡು, ಝಾಲರ್ ಹಚ್ಚಿಧಂಗ ಕಾಣಸ್ತದಲ್ಲಾ? ಅವು ಕಿವಿರು. ಅವು ಹೊಟ್ಟಿ ಬಾಜೂ ಇದ್ರ ಪಕ್ಕಾ ಮೇಫ್ಲೈ. ಆಮ್ಯಾಲೆ ಕಾಲಿನ ತುದೀಗೆ ಉಗುರು ಒಂದ ಇರಬೇಕು."

ನಾನು ಬೆರಗಾಗಿ ನೋಡಿದೆ. ಸೀತಾಬರ್ಡಿಯ ಲೇಸಿನ ಅಂಗಡಿಯಲ್ಲಿ ಕೂಡ ಅಂಥ ಝಾಲರನ್ನು ನಾನು ಕಂಡಿರಲಿಲ್ಲ. ಅನಘಾ ಬೇರೆ ಮರಿಗಳನ್ನೂ ಒಂದೊಂದಾಗಿ ತೋರಿಸಿದಳು. ಚಪ್ಪಟೆ ತಲೆಯ ಒಂದಕ್ಕೆ ಎಲೆಯಂಥ ಕಿವಿರು, ಇನ್ನೊಂದಕ್ಕೆ ಎರಡೆಳೆಯಾಗಿ ಸೀಳಿದ ದಾರದಂಥ ಕಿವಿರು, ಮತ್ತೊಂದಕ್ಕೆ ಕಿವಿರುಗಳ ಮೇಲೆ ಎರಡು ಚೌಕಾಕಾರದ ಮುಚ್ಚಳ. ಯಾವ ಮರಿ ಯಾವ ಮನೆತನದ್ದು ಎಂಬುದನ್ನು ಈ ಕಿವಿರುಗಳ ಮೇಲಿಂದಲೇ ಹೇಳಬೇಕಂತೆ. ಅವಳು ಹೇಳಿದ ಲ್ಯಾಟಿನ್ ಹೆಸರುಗಳು ನನ್ನ ನಾಲಿಗೆಗೆ ಕೂರಲಿಲ್ಲ. ನಾನೇ ಚಪ್ಪಟೆಯವಳು, ಮುಚ್ಚಳದವಳು, ಗೊಂಡೆಯವಳು ಎಂದು ಹೆಸರಿಟ್ಟುಕೊಂಡೆ. "ಅಮ್ಮಾ, ಮೇಡಂ ಮುಂದ ಹಿಂಗ ಅಂದಗಿಂದೀ!" ಎಂದಳು ಮಗಳು. ಮೇಡಂ ಎಂದರೆ ಅವಳ ಮಾರ್ಗದರ್ಶಕಿ ಪಾಠಕ ಮೇಡಂ. ಅವರ ಹೆಸರು ಎತ್ತುವಾಗ ಅನಘಾ ಕೂತಲ್ಲೇ ಬೆನ್ನು ನೆಟ್ಟಗೆ ಮಾಡುತ್ತಾಳೆ.

ಇಷ್ಟರಲ್ಲೇ ನಿಂತಿದ್ದರೆ ನಾನು ಜಾಣ ತಾಯಿಯಾಗಿಯೇ ಉಳಿಯುತ್ತಿದ್ದೆ. ಆದರೆ ಫೆಬ್ರುವರಿಯಲ್ಲಿ ಅನಘಾ ಎರಡು ದಿನದ ಶಿಬಿರಕ್ಕೆಂದು ಅಮರಾವತಿಗೆ ಹೊರಟಳು. ಹೊರಡುವ ಮುನ್ನ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ನನ್ನ ಮುಂದಿಟ್ಟಳು. ಹಳ್ಳದ ಮೇಲ್ಭಾಗದಿಂದ ಬಲೆ ಹಿಡಿದು ತಂದದ್ದೆಲ್ಲ ಅದರೊಳಗೆ ಸ್ಪಿರಿಟ್ಟಿನಲ್ಲಿತ್ತು: ಕೊಳೆತ ಎಲೆ, ಮರಳು, ಕಡ್ಡಿ, ಅವುಗಳ ನಡುವೆ ಮರಿಗಳು. "ಅಮ್ಮಾ, ನಿನ್ನ ಕಣ್ಣ ಭಾರೀ ಚುರುಕ ಅವ. ಅಕ್ಕಿ ಆರಿಸಿಧಂಗ ಇದರಾಗಿನ ಮರಿ ಅಷ್ಟ ಆರಿಸಿ ಶೀಷೆದಾಗ ಹಾಕಿಡ್ತೀ? ಬಂದ ಮ್ಯಾಲೆ ನಾ ಗುರುತ ಹಿಡಕೋತೀನಿ. ಮೇಡಂ ಮುಂದಿನ ವಾರ ನೋಡ್ತಾರ" ಎಂದಳು. ನನ್ನ ಕಣ್ಣನ್ನು ಮನೆಯಲ್ಲಿ ಯಾರಾದರೂ ಹೊಗಳಿ ಎಷ್ಟು ಕಾಲವಾಗಿತ್ತು! ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ.

ಮರುದಿನ ನಮ್ಮವರು ಡ್ಯೂಟಿಗೆ ಹೋದ ಮೇಲೆ ಕಿಟಕಿಯ ಪಕ್ಕ ಕೂತು, ಹುಬ್ಬು ತಿದ್ದುವ ಚಿಮಟಿಗೆ ಹಿಡಿದು ಆರಿಸತೊಡಗಿದೆ. ಅಷ್ಟರ ಮಟ್ಟಿಗೆ ಕೆಲಸ ಸೊಗಸಾಗಿಯೇ ಆಯಿತು. ಕೊಳೆತ ಎಲೆಯ ಚೂರು ಯಾವುದು, ಮರಿಯ ಕಾಲು ಯಾವುದು ಎಂದು ನಾನು ಒಮ್ಮೆಯೂ ಎಡವಲಿಲ್ಲ. ತೊಗರಿಬೇಳೆಯಲ್ಲಿ ಕಲ್ಲು ಹುಡುಕಿದವಳಿಗೆ ಇದೇನು ಮಹಾ. ಆದರೆ ಆರಿಸಿ ಬಟ್ಟಲಿಗೆ ಹಾಕಿದ ಮರಿಗಳನ್ನು ನೋಡಿದಾಗ ನನ್ನ ಒಳಗೆ ಅಜ್ಜಿಯೂ ಸಿಸ್ಟರೂ ಒಟ್ಟಿಗೆ ಎದ್ದು ನಿಂತರು. ಮರಿಗಳ ಮೈಮೇಲೆಲ್ಲ ಪಾಚಿ! ಪಕ್ಕೆಗಳಲ್ಲಿ ಮಣ್ಣು! ಇಂಥದ್ದನ್ನು ಹಾಗೆಯೇ ಶೀಷೆಗೆ ಹಾಕಿ ಕೊಟ್ಟರೆ ಪಾಠಕ ಮೇಡಂ ಏನೆಂದುಕೊಂಡಾರು? ಹುಡುಗಿಯ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೇ ಅಂದಾರು.

ತೊಳೆದೆ. ಅಕ್ಕಿಗೆ ಹೇಗೋ ಹಾಗೆಯೇ, ಮೂರು ನೀರು. ಮೊದಲ ನೀರಿನಲ್ಲಿ ಗಲಗಲ ಅಲುಗಿಸಿ ಚಹಾ ಸೋಸುವ ಜಾಲರಿಯಲ್ಲಿ ಬಸಿದೆ. ಬಹಳಷ್ಟು ಕಸ ಹೋಯಿತು. ಎರಡನೆಯ ನೀರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ಒಂದೊಂದರದೂ ಪಕ್ಕೆ ಉಜ್ಜಿದೆ. ಅಲ್ಲಿ ಅಂಟಿಕೊಂಡಿದ್ದ ಎಳೆಎಳೆಯಾದ ಕೊಳೆಯೂ ಬಿಟ್ಟಿತು. ಮೂರನೆಯ ನೀರಿಗೆ ಒಂದು ಚಿಟಿಕೆ ಉಪ್ಪು, ಒಂದು ಚಿಟಿಕೆ ಅರಿಶಿನ ಹಾಕಿದೆ. ಹೂಕೋಸನ್ನು ಅರಿಶಿನದ ನೀರಿನಲ್ಲಿ ನೆನೆಸಿ ಹುಳು ತೆಗೆಯುವುದು ಎಲ್ಲರ ಮನೆಯ ಪದ್ಧತಿ. ಹುಳುವನ್ನೇ ಅರಿಶಿನದ ನೀರಿನಲ್ಲಿ ನೆನೆಸಿದ ಗೃಹಿಣಿ ಬಹುಶಃ ವಿದರ್ಭದಲ್ಲಿ ನಾನೊಬ್ಬಳೇ. ಎಲ್ಲ ಮುಗಿದು ಶೀಷೆಗಳಲ್ಲಿ ತುಂಬಿದ ಮರಿಗಳು ಹೆಸರುಬೇಳೆಯಂತೆ ಹಳದಿಯಾಗಿ, ನುಣ್ಣಗೆ, ಒಂದಕ್ಕೊಂದು ಹೊಂದುವಂತೆ ಕಾಣುತ್ತಿದ್ದವು. ಕಾನ್ವೆಂಟಿನ ದುಂಡು ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿ, ಸಾಲಾಗಿ ನಿಲ್ಲಿಸಿ, ಸ್ವಲ್ಪ ದೂರ ಹೋಗಿ ನಿಂತು ನೋಡಿ ಸಂತೋಷಪಟ್ಟೆ.

ಅನಘಾ ಬಂದಳು. ಬ್ಯಾಗು ಕೆಳಗಿಡುವ ಮೊದಲೇ ಶೀಷೆ ಎತ್ತಿ ಬೆಳಕಿಗೆ ಹಿಡಿದಳು.

"ಅಮ್ಮಾ, ಇವು ಹಳದಿ ಯಾಕವ?"

"ಅರಿಶಿಣ. ಜಂತುಗಿಂತು ಇದ್ರ ಹೋಗ್ಲಿ ಅಂತ."

"ಇವೇ ಜಂತು ಅವಲ್ಲಮ್ಮಾ!" ಎಂದು ಭೂತಗನ್ನಡಿ ತಂದಳು. ಒಂದು ಶೀಷೆ ನೋಡಿದಳು, ಇನ್ನೊಂದು ನೋಡಿದಳು. "ಬಾಲ ಎಲ್ಲಿ?"

"ಉದ್ದಾನ ಕಡ್ಡಿ ಭಾಳ ಇದ್ವು, ಮೊದಲನೇ ನೀರಿನಾಗ ಹೋದ್ವು ನೋಡು."

"ಕಿವಿರು?"

ಬ್ರಷ್ಷು ಇನ್ನೂ ಸಿಂಕಿನ ಪಕ್ಕದಲ್ಲೇ ಇತ್ತು. ಇಬ್ಬರೂ ಅದರ ಕಡೆ ನೋಡಿದೆವು. ಸ್ಪಿರಿಟ್ಟಿನಲ್ಲಿದ್ದ ಮರಿಗಳ ಕಿವಿರು ಮುಟ್ಟಿದರೆ ಉದುರುತ್ತವೆಂಬುದು ನನಗೆ ಹೊಳೆದಿರಲೇ ಇಲ್ಲ. ಚಪ್ಪಟೆಯವಳು, ಮುಚ್ಚಳದವಳು, ಗೊಂಡೆಯವಳು ಎಲ್ಲರೂ ಈಗ ಒಂದೇ ತಾಯಿಯ ಮಕ್ಕಳಂತೆ, ಜೀರಿಗೆ ಕಾಳಿನಂತೆ ಮಲಗಿದ್ದರು. ಯಾವುದು ಯಾವ ಬಗೆ ಎಂದು ಇನ್ನು ಬ್ರಹ್ಮನೂ ಹೇಳುವಂತಿರಲಿಲ್ಲ, ಪಾಠಕ ಮೇಡಂ ಅಂತೂ ಹೇಳುವುದಿಲ್ಲ.

ಅವಳು ಕೂಗಾಡಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಅವಳು ಸುಮ್ಮನೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು, ಅದೂ ಮೆಲ್ಲಗೆ. ನಮ್ಮವರು ಬಂದು ಸಂಗತಿ ಕೇಳಿ, "ಅಂದ್ರ ನೀ ಪರೀಕ್ಷಾದ ಪೇಪರ್ ಒಗದು, ಹಿಂಡಿ, ಕಂಜಿ ಹಾಕಿ ಇಟ್ಟಿ ಅನ್ನು" ಎಂದರು. ನಾನು ಅಂದು ಅವರ ತಟ್ಟೆಗೆ ಎರಡನೆಯ ಸಲ ತುಪ್ಪ ಹಾಕಲಿಲ್ಲ.

ಅನಘಾ ಬಾಗಿಲು ತೆರೆದಾಗ ಮೇಡಂಗೆ ಫೋನು ಮಾಡಿ ಮುಗಿದಿತ್ತು. "ಹಳ್ಳ ಇನ್ನೂ ಹರೀತಿದ್ರ ಮತ್ತೊಮ್ಮೆ ತಗೊಂಡ ಬಾ ಅಂದ್ರು. ಇಲ್ಲಾಂದ್ರ ಈ ವರ್ಷ ಬಿಟ್ಟಬಿಡು, ಮುಂದಿನ ವರ್ಷ ಸಬ್ಮಿಟ್ ಮಾಡು ಅಂದ್ರು" ಎಂದಳು. ನಮ್ಮ ಕಡೆಯ ಹಳ್ಳಗಳು ಮಳೆಗಾಲದಲ್ಲಿ ಎಷ್ಟು ಗದ್ದಲ ಮಾಡಿದರೂ ಶಿವರಾತ್ರಿಯ ಹೊತ್ತಿಗೆ ಮಾತು ಬಿಡುತ್ತವೆ. ಶಿವರಾತ್ರಿ ಹತ್ತಿರವೇ ಇತ್ತು. ನನ್ನ ಮೂರು ನೀರಿಗೆ ಮಗಳ ಒಂದು ವರ್ಷ ಬಸಿದುಹೋಗುವುದರಲ್ಲಿತ್ತು.

ಭಾನುವಾರ ಬೆಳಿಗ್ಗೆ ಮೂವರೂ ಕಾರಿನಲ್ಲಿ ಹೊರಟೆವು. ನಾನು ಬರುವುದು ಬೇಡವೆಂದು ಅನಘಾ ಬಾಯಿಬಿಟ್ಟು ಹೇಳಲಿಲ್ಲ. ನಾನೂ ಅವಳ ಮುಖ ನೋಡಲಿಲ್ಲ. ಚಪಾತಿ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಕೂತೆ. ಕಾಮಠಿ ದಾಟುವಾಗ ಎಂದಿನಂತೆ ನನ್ನ ಕಾನ್ವೆಂಟು ಇತ್ತ ಕಡೆ ಎಂದು ಹೇಳಲು ಬಾಯಿ ತೆರೆದೆ, ಮುಚ್ಚಿದೆ. ದೂರದಲ್ಲಿ ಸ್ಥಾವರದ ಚಿಮಣಿಗಳು ಕಂಡಾಗ ನಮ್ಮವರು ಮಾತ್ರ ಸುಮ್ಮನಿರದೆ, "ನೋಡು, ಇವತ್ತ ಎರಡನೇ ಯುನಿಟ್ ಚಲೋ ನಡದದ" ಎಂದರು. ಯಾರೂ ನೋಡಲಿಲ್ಲ.

ಹಳ್ಳದ ಮೇಲ್ಭಾಗ ತಲುಪಿದೆವು. ಬಂಡೆಗಳೆಲ್ಲ ಒಣಗಿ ಬೆಳ್ಳಗಾಗಿದ್ದವು. ಅಲ್ಲೊಂದು ಇಲ್ಲೊಂದು ಗುಂಡಿಯಲ್ಲಿ ನಿಂತ ನೀರು, ಅದರ ಮೇಲೆ ತೇಗದ ಎಲೆ. ಸ್ವಲ್ಪ ಮೇಲಕ್ಕೆ ನಡೆದ ಮೇಲೆ, ಒಂದು ಮತ್ತಿಮರದ ಬೇರಿನ ಪಕ್ಕ, ಎರಡು ಗೇಣು ಅಗಲದ ನೀರು ಇನ್ನೂ ಕಲ್ಲುಗಳ ನಡುವೆ ಹರಿಯುತ್ತಿತ್ತು. ಅನಘಾ ಬಲೆ ಹಿಡಿದು ಕೂತಳು. ಮೊದಲ ಸಲ ಬಸವನಹುಳು ಬಂತು. ಎರಡನೆಯ ಸಲವೂ ಬಸವನಹುಳು. ಅವಳ ಕೆಳತುಟಿ ಹಲ್ಲಿನ ಕೆಳಗೆ ಹೋಗುವುದನ್ನು ನೋಡಿದೆ, ಕೆ.ಜಿ.ಯಲ್ಲಿ ಪದ್ಯ ಮರೆತಾಗಲೂ ಹೀಗೆಯೇ ಮಾಡುತ್ತಿದ್ದಳು.

ನಾನು ಸೀರೆ ಮೇಲಕ್ಕೆ ಸಿಕ್ಕಿಸಿ, ನಮ್ಮವರ ಕ್ಯಾನ್ವಾಸ್ ಬೂಟಿನಲ್ಲಿ ನೀರಿಗಿಳಿದೆ. ಒಂದು ಕಲ್ಲು ಮಗುಚಿದೆ. ಒಂದು ಮರಿ! ಮೂರು ಬಾಲ! "ಅನಘಾ! ಸಿಕ್ತು! ಮೂರವ, ಮೂರು!" ಎಂದು ನಾನು ಕೂಗಿದ್ದಕ್ಕೆ ದಂಡೆಯಲ್ಲಿ ಕೂತಿದ್ದ ನಮ್ಮವರು ಚಪಾತಿ ಕೈಬಿಟ್ಟು ಎದ್ದರು. ಅನಘಾ ಓಡಿ ಬಂದು ನೋಡಿದಳು.

"ಅಮ್ಮಾ, ಬಾಲ ನೋಡು, ಎಲೀಹಂಗ ಅಗಲ ಅವ. ಹೊಟ್ಟಿ ಬಾಜೂ ಏನೂ ಇಲ್ಲ. ಇದು ಸಣ್ಣ ಹೆಲಿಕಾಪ್ಟರ್ ಹುಳದ ಮರಿ."

"ಮೂರ ಅವಲ್ಲಾ?"

"ತ್ರಿಶೂಲಕ್ಕೂ ಮೂರವ!" ಎಂದರು ನಮ್ಮವರು ದಂಡೆಯಿಂದ.

ಆಮೇಲೆ ನಾನು ಕೂಗಲಿಲ್ಲ. ಕಲ್ಲು ಎತ್ತುವುದು, ಮಗುಚುವುದು, ಇದ್ದ ಹಾಗೆ ಇಡುವುದು. ಬೆನ್ನು ಪದ ಹಾಡತೊಡಗಿತು. ಬೇರಿನ ಕೆಳಗೆ, ನೀರು ಎಲ್ಲಕ್ಕಿಂತ ರಭಸವಾಗಿದ್ದ ಕಡೆ, ಒಂದು ಕರಿಕಲ್ಲಿನ ಅಡಿಯಲ್ಲಿ ಏನೋ ಏಡಿಯ ಹಾಗೆ ಅಡ್ಡಡ್ಡ ಓಡಿ, ಕಲ್ಲಿಗೇ ಅಂಟಿಕೊಂಡು ನಿಂತಿತು. ಚಪ್ಪಟೆ ತಲೆ, ತಲೆಯ ಮೇಲೆಯೇ ಕಣ್ಣು. ಕಲ್ಲನ್ನು ಸ್ವಲ್ಪ ನೀರಿನಲ್ಲೇ ಇರಿಸಿ, ಕನ್ನಡಕ ಮೂಗಿನ ತುದಿಗೆ ತಂದು ನೋಡಿದೆ. ಅದರ ಎರಡೂ ಪಕ್ಕೆಗಳಲ್ಲಿ ಎಲೆಯಂಥ ಕಿವಿರುಗಳು ಸಾಲಾಗಿ ಅಲುಗಾಡುತ್ತಿದ್ದವು, ಹೊಟ್ಟೆಯ ಉದ್ದಕ್ಕೂ ಒಂದರ ಹಿಂದೆ ಒಂದು, ಗಾಳಿಗೆ ಹೊಲದ ಜೋಳ ಬಾಗಿದ ಹಾಗೆ. ಉಸಿರಾಡುತ್ತಿತ್ತು. ನಾನು ಬ್ರಷ್ಷಿನಿಂದ ಉಜ್ಜಿ ಸಿಂಕಿಗೆ ಬಿಟ್ಟದ್ದು ಇದನ್ನು. ಎರಡೂ ಕೈಯಲ್ಲಿ ಕಲ್ಲನ್ನು ಹಿಡಿದು ಹಾಗೆಯೇ ನಿಂತೆ.

"ಏನಾತಮ್ಮಾ? ಕಾಲ ಉಳುಕಿತೇನು?" ಎನ್ನುತ್ತ ಅನಘಾ ಬಂದಳು.

"ಇದರ ಹೊಟ್ಟಿ ಬಾಜೂ ಏನೋ ಬಡಕೋತದ, ನೋಡು. ನಾ ಮುಟ್ಟಂಗಿಲ್ಲ, ನೀನಽ ತಗೋ."

ಅವಳು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ತೋಳಿಗೆ ಹಣೆ ಒತ್ತಿ, "ಚಪ್ಪಟೆಯವಳು" ಎಂದಳು. ಮಗಳು ಮಾತು ಬಿಟ್ಟ ಮೇಲೆ ನನ್ನೊಡನೆ ಮನಸ್ಸಿನಿಂದ ಆಡಿದ ಮೊದಲ ಶಬ್ದ ಅದು.

ಮರದ ಬೇರಿನ ಸುತ್ತಮುತ್ತ, ಎಲ್ಲ ನೀರು ಬಿಟ್ಟುಹೋದ ಮೇಲೆ ಉಳಿದ ಆ ಒಂದಿಷ್ಟು ಹರಿವಿನಲ್ಲಿ, ಹಳ್ಳದ ಮರಿಗಳೆಲ್ಲ ಬಂದು ಸೇರಿಕೊಂಡಿದ್ದವು. ಬೇಸಿಗೆಯಲ್ಲಿ ಒಂದೇ ಕೂಲರಿನ ಮುಂದೆ ಇಡೀ ಮನೆಯವರು ಮಲಗಿದ ಹಾಗೆ. ಗೊಂಡೆಯವರು ಸಿಕ್ಕರು, ಮುಚ್ಚಳದವರೂ ಸಿಕ್ಕರು. ಶೀಷೆ ಹಿಡಿಯುವುದು, ಮುಚ್ಚುವುದು, ಕೊಡೆ ಹಿಡಿದು ನಿಲ್ಲುವುದು ಇಷ್ಟೇ ನನ್ನ ಪಾಲಿನ ಕೆಲಸವಾಗಿತ್ತು. ಮನೆಗೆ ಬಂದ ಮೇಲೆ ಶೀಷೆಗಳನ್ನು ಅನಘಾ ತನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ನಾನು ನೋಡಿಯೂ ನೋಡದವಳಂತೆ ಚಹಾಕ್ಕಿಟ್ಟೆ.

ಪ್ರಬಂಧ ಸಕಾಲಕ್ಕೆ ಮುಗಿಯಿತು. ಅದನ್ನು ವಿಭಾಗದಲ್ಲಿ ಎಲ್ಲರ ಮುಂದೆ ಹೇಳುವ ದಿನ ತಂದೆತಾಯಿಗಳಿಗೂ ಕರೆಯಿತ್ತು. ನಮ್ಮವರಿಗೆ ಡ್ಯೂಟಿ, ನಾನು ಇಳಕಲ್ಲ ಸೀರೆ ಉಟ್ಟು ಮೂರನೆಯ ಸಾಲಿನಲ್ಲಿ ಕೂತೆ. ಪಕ್ಕದಲ್ಲಿ ಇನ್ನಾರದೋ ತಾಯಿ, ಮರಾಠಿಯವರು, ದೊಡ್ಡ ಕುಂಕುಮದ ಸಮಾಧಾನದ ಹೆಂಗಸು. ಅನಘಾ ಚೆನ್ನಾಗಿಯೇ ಮಾತಾಡಿದಳು. ಹಳ್ಳದ ಚಿತ್ರ ಬಂತು, ಮತ್ತಿಮರ ಬಂತು, ಕಿವಿರುಗಳು ಗೋಡೆಯಷ್ಟು ದೊಡ್ಡದಾಗಿ ಬಂದವು. ನಾನು ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡೆ. ಅಷ್ಟರಲ್ಲಿ ಪರದೆಯ ಮೇಲೆ ಹಳದಿ ಬಣ್ಣದ, ಬಾಲವಿಲ್ಲದ, ಝಾಲರಿಲ್ಲದ, ಎಮ್ಮೆಯ ಗಾತ್ರದ ಒಂದು ಹುಳು ಬಂದು ಮಲಗಿತು. ಕೆಳಗೆ ದಪ್ಪ ಅಕ್ಷರದಲ್ಲಿ, "ಮಾದರಿಗಳನ್ನು ಹೀಗೆ ನಿರ್ವಹಿಸಬಾರದು" ಎಂಬ ಅರ್ಥದ ಇಂಗ್ಲಿಷ್ ಸಾಲು. ಹುಡುಗರೆಲ್ಲ ನಕ್ಕರು. ಪಾಠಕ ಮೇಡಂ ಎದ್ದು ನಿಂತು, ಈ ಚಿತ್ರವನ್ನು ಇನ್ನು ಮುಂದೆ ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಮೊದಲ ದಿನವೇ ತೋರಿಸಬೇಕು ಎಂದು ಅಪ್ಪಣೆ ಮಾಡಿದರು. ಇದನ್ನು ಬ್ರಷ್ಷಿನಿಂದ ಉಜ್ಜಿ ತೊಳೆದದ್ದೆಂದು ಮಾತ್ರ ಅನಘಾ ಹೇಳಿದಳು, ಯಾರು ತೊಳೆದದ್ದೆಂದು ಹೇಳಲಿಲ್ಲ. ಅಷ್ಟು ಕರುಣೆ ಅವಳಿಗಿದೆ. ನಾನು ಇಡೀ ಸಭೆಗೆ ಸಂಬಂಧವಿಲ್ಲದವಳಂತೆ ಫ್ಯಾನು ನೋಡುತ್ತ ಕೂತೆ.

ಪಕ್ಕದ ಹೆಂಗಸು ಪರದೆಯನ್ನು ಬಹಳ ಹೊತ್ತು ದಿಟ್ಟಿಸಿ, ನನ್ನ ಕಿವಿಯ ಹತ್ತಿರ ಬಗ್ಗಿ ಮರಾಠಿಯಲ್ಲಿ ಪಿಸುಗುಟ್ಟಿದರು: "ಏನೇ ಅನ್ನಿ ತಾಯಿ, ತೊಳೆದವಳ ಕೈ ಮಾತ್ರ ಎಷ್ಟು ಸ್ವಚ್ಛ! ಒಂದು ಕಣ ಮಣ್ಣಿಲ್ಲ ನೋಡಿ. ನನ್ನ ಸೊಸೆ ಪಾಲಕವನ್ನೂ ಇಷ್ಟು ನೀಟಾಗಿ ತೊಳೆಯುವುದಿಲ್ಲ."

"ಮೀಚ್ ಧುತಲೆ!" ಎಂದುಬಿಟ್ಟೆ. ತೊಳೆದವಳು ನಾನೇ! ಮೆಲ್ಲಗೇ ಹೇಳಿದೆನೆಂದು ನನ್ನ ನಂಬಿಕೆ. ಆದರೆ ಮುಂದಿನ ಎರಡು ಸಾಲಿನವರೂ ಒಟ್ಟಿಗೆ ಹಿಂತಿರುಗಿ ನೋಡಿದರು, ಪಾಠಕ ಮೇಡಂ ಕನ್ನಡಕ ತೆಗೆದು ನೋಡಿದರು, ವೇದಿಕೆಯ ಮೇಲಿದ್ದ ನನ್ನ ಮಗಳು ಮೆಲ್ಲಗೆ ಎರಡೂ ಕಣ್ಣು ಮುಚ್ಚಿಕೊಂಡಳು.